ಕಾಮೋಠೆಯ ಮಕ್ಕಳೂ ಶುಶ್ರೂಷೆಯ ಪದವಿಯೂ

ನಮ್ಮವರಲ್ಲಿ ಒಂದು ವಾಡಿಕೆಯುಂಟು. ಮನೆಯಲ್ಲಿ ಮದುವೆಯಾಗಬೇಕಾದರೆ ಕಾರ್ಯಾಲಯಕ್ಕೆ ಆರು ತಿಂಗಳು ಮೊದಲೇ ಮುಂಗಡ ಕೊಡುತ್ತೇವೆ. ಊರ ಜಾತ್ರೆಗೆ ಹೋಗಬೇಕಾದರೆ ಗಾಡಿಯ ರಿಸರ್ವೇಶನ್ ಬಾಗಿಲು ತೆರೆದ ದಿನವೇ ಮಾಡಿಸುತ್ತೇವೆ. ಆದರೆ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಮಾತ್ರ, ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದು, ಪೇಢೆ ಹಂಚಿ, ನೆರೆಹೊರೆಯವರ ಅಭಿನಂದನೆಗಳೆಲ್ಲ ಮುಗಿದ ಮೇಲೆ, 'ಇನ್ನೇನು ಮಾಡೋಣ?' ಎಂದು ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಬೇರೆ ಕೆಲವು ಓದುಗಳಿಗೆ ಇದು ನಡೆದೀತು. ಶುಶ್ರೂಷೆಯ ಪದವಿಗೆ, ಎಂದರೆ ಬಿ.ಎಸ್ಸಿ. ನರ್ಸಿಂಗಿಗೆ, ನಡೆಯುವುದಿಲ್ಲ. ಪೇಢೆ ಹಂಚುವ ಹೊತ್ತಿಗೆ ಅದರ ಪರೀಕ್ಷೆ ಮುಗಿದುಹೋಗಿರಬಹುದು. ಆಮೇಲೆ ಉಳಿಯುವುದು ಎರಡೇ ದಾರಿ: ಒಂದು ವರ್ಷ ಕಾಯುವುದು, ಇಲ್ಲವೆ ದಲ್ಲಾಳಿಯ ಕೈಗೆ ಹಣ ಕೊಡುವುದು. ನಮ್ಮವರು ಸಾಮಾನ್ಯವಾಗಿ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಈ ಲೇಖನ ಅದನ್ನು ತಪ್ಪಿಸುವ ಸಲುವಾಗಿ.

ಕಾಮೋಠೆಯಲ್ಲಿರುವ ನಮಗೆ ಆಸ್ಪತ್ರೆ ಹೊಸದಲ್ಲ. ಸಿಡ್ಕೋ ಕಟ್ಟಿದ ಈ ವಸಾಹತಿನ ಒಂದು ಕಡೆಗೆ ಸಾಯನ್–ಪನವೇಲ್ ಹೆದ್ದಾರಿ, ಇನ್ನೊಂದು ಕಡೆಗೆ ಮಾನಸರೋವರ, ಖಾಂದೇಶ್ವರ ಸ್ಟೇಶನ್ನುಗಳು. ಹೆದ್ದಾರಿಯ ಬದಿಗೇ ಮಹಾತ್ಮಾ ಗಾಂಧಿ ಮಿಷನ್ನಿನವರು 1989ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದರು. ಅವರ ಸಂಸ್ಥೆಗೆ 2006ರಲ್ಲಿ ಅಭಿಮತ ವಿದ್ಯಾಪೀಠದ ಮನ್ನಣೆ ಸಿಕ್ಕಿತು. ಅಲ್ಲಿ ನರ್ಸಿಂಗ್ ಕಾಲೇಜೂ ಉಂಟು. ನೆರುಳ, ಬೇಲಾಪುರಗಳ ಕಡೆಗೂ ಇಂಥ ಕಾಲೇಜುಗಳಿವೆ. ಬೆಳಿಗ್ಗೆ ಬಿಳಿ ಕೋಟು ತೊಟ್ಟ ವಿದ್ಯಾರ್ಥಿನಿಯರು ರಿಕ್ಷಾ ಇಳಿಯುವುದನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಕಳಂಬೋಲಿಯ ಲೋಹದ ಪೇಟೆಯಲ್ಲಿ ಲೆಕ್ಕ ಬರೆಯುವವರ, ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರ, ತಳೋಜೆಯ ಕಾರಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮನೆಗಳಿಂದ 'ನಾನೂ ನರ್ಸಿಂಗ್ ಓದುತ್ತೇನೆ' ಎಂಬ ಮಾತು ಈಗ ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಅದನ್ನು ನಡೆಸಿಕೊಡುವುದು ಹೇಗೆಂಬುದೇ ಪ್ರಶ್ನೆ.

ಮೊದಲು ಈ ವಿದ್ಯೆಯ ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳೋಣ. 'ನರ್ಸಿಂಗ್ ಕೋರ್ಸು' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಓದುಗಳು ಸೇರಿಕೊಂಡು ತಂದೆತಾಯಿಗಳನ್ನು ಗೊಂದಲಕ್ಕೆ ಹಾಕುತ್ತವೆ. ಎ.ಎನ್.ಎಂ. ಎಂಬುದು ಎರಡು ವರ್ಷದ್ದು. ಊರೂರಿನ ಆರೋಗ್ಯ ಕೇಂದ್ರಗಳಲ್ಲಿ ಬಾಣಂತಿ, ಶಿಶುಗಳ ಆರೈಕೆ, ಲಸಿಕೆ ಮುಂತಾದ ಕೆಲಸಕ್ಕೆ ಸಿದ್ಧಪಡಿಸುವಂಥದು. ಜಿ.ಎನ್.ಎಂ. ಎಂಬುದು ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ಹನ್ನೆರಡನೆಯದರಲ್ಲಿ ವಿಜ್ಞಾನವೇ ಆಗಬೇಕೆಂಬ ಕಟ್ಟಳೆಯಿಲ್ಲ. ಯಾವ ಶಾಖೆಯಾದರೂ ಇಂಗ್ಲಿಷ್ ಇದ್ದು ನೂರಕ್ಕೆ 40 ಅಂಕ ಬಂದಿದ್ದರೆ ಸಾಕು. ಮೂರನೆಯದು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಹೊಸ ಪಠ್ಯಕ್ರಮದಂತೆ ಈ ನಾಲ್ಕು ವರ್ಷಗಳು ಎಂಟು ಸೆಮಿಸ್ಟರುಗಳಾಗಿ ಹಂಚಿಕೊಂಡಿವೆ. ಮುಂದೆ ಎಂ.ಎಸ್ಸಿ. ಮಾಡುವವರಿಗೂ, ಕಲಿಸುವ ಕೆಲಸಕ್ಕೆ ಹೋಗಬೇಕೆನ್ನುವವರಿಗೂ, ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಗಳ ಮೇಲೆ ಕಣ್ಣಿಟ್ಟವರಿಗೂ ಇದೇ ನೇರವಾದ ದಾರಿ. ಗಂಡುಮಕ್ಕಳಿಗೂ ಇದರಲ್ಲಿ ಪ್ರವೇಶವುಂಟು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

ನಮ್ಮ ದೇಶದಲ್ಲಿ ಈ ಪದವಿ ಬಹಳ ಹಳೆಯದೇನೂ ಅಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶಾಲೆಯನ್ನು ತೆರೆದದ್ದು 1860ರಲ್ಲಿ. ನಮ್ಮಲ್ಲಿ ಅದು ವಿಶ್ವವಿದ್ಯಾಲಯದ ಪದವಿಯ ಮಟ್ಟಕ್ಕೇರಲು 1946ರವರೆಗೆ ಕಾಯಬೇಕಾಯಿತು; ಆ ವರ್ಷ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ತರಗತಿಗಳು ಪ್ರಾರಂಭವಾದವು. ಮರುವರ್ಷ, 1947ರಲ್ಲಿ, ಇಡೀ ದೇಶದ ಶಿಕ್ಷಣಮಟ್ಟ ಒಂದೇ ರೀತಿಯಾಗಿರಲೆಂದು ನರ್ಸಿಂಗ್ ಪರಿಷತ್ತಿನ ಕಾನೂನು ಬಂತು. ಮುಂಬಯಿಯಲ್ಲಿ ಎಸ್.ಎನ್.ಡಿ.ಟಿ. ಮಹಿಳಾ ವಿದ್ಯಾಪೀಠದವರು ಲೀಲಾಬಾಯಿ ಠಾಕರ್ಸಿ ಅವರ ಹೆಸರಿನಲ್ಲಿ ನರ್ಸಿಂಗ್ ಕಾಲೇಜನ್ನು 1964ರಲ್ಲಿ ಆರಂಭಿಸಿದರು. 'ದಾದಿ' ಎಂಬ ಶಬ್ದವನ್ನು ಮನೆಗೆಲಸದ ಶಬ್ದದಂತೆ ಆಡುವವರು ಈ ಇತಿಹಾಸವನ್ನು ಸ್ವಲ್ಪ ನೆನೆದರೆ ಒಳ್ಳೆಯದು. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ನೋಡಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಉಸಿರು, ನಾಡಿ, ಔಷಧ, ನೀರು, ನಿದ್ರೆ ಎಲ್ಲವೂ ಇವರ ಕಣ್ಣ ಕೆಳಗೇ ಇರುತ್ತವೆ. ಆ ಕಣ್ಣಿಗೆ ವಿದ್ಯೆ ಬೇಡವೆ?

ಆದರೂ ಮನೆಯ ಹಿರಿಯರ ಒಳಗಿನ ಅಳುಕು ಗೌರವದ ಪ್ರಶ್ನೆಯಷ್ಟೇ ಅಲ್ಲ. ರಾತ್ರಿ ಪಾಳಿ, ಅಪರಿಚಿತ ಜನ, ಹೆಣ್ಣುಮಗಳ ಸುರಕ್ಷಿತತೆ, ಇವು ಅವರನ್ನು ಕಾಡುತ್ತವೆ. ಈ ಭಯವನ್ನು ನಗೆಯಾಡಿ ತಳ್ಳಿಹಾಕಲಾಗದು. ಉತ್ತರ ಕನ್ನಡದ ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಕಥೆ ನಮ್ಮ ಹಿರಿಯರೆಲ್ಲ ಬಲ್ಲದ್ದು. 1973ರ ನವೆಂಬರ್ 27ರಂದು ಕೆಲಸದ ಸ್ಥಳದಲ್ಲಿಯೇ ನಡೆದ ಕ್ರೂರ ಹಲ್ಲೆಯಿಂದ ಅವರು ಎಚ್ಚರದ ಬದುಕನ್ನೇ ಕಳೆದುಕೊಂಡರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿ, ಅವರನ್ನು ನೋಡಿಕೊಂಡವರು ಯಾರು? ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾಗಿ ಇನ್ನೊಂದು ತಲೆಮಾರು ಬಂದರೂ ಆ ಸೇವೆ ನಿಲ್ಲಲಿಲ್ಲ. 2011ರಲ್ಲಿ ಅವರ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಾಲಯವೇ ಈ ಸೇವೆಯನ್ನು ಕೊಂಡಾಡಿತು. ಭಯಕ್ಕೂ ಗೌರವಕ್ಕೂ ಇದೊಂದೇ ಕಥೆಯಲ್ಲಿ ಆಧಾರವಿದೆ. ಇಂದು ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ 2013ರ ಕಾನೂನಿದೆ. ಆಸ್ಪತ್ರೆಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಮಹಾರಾಷ್ಟ್ರದಲ್ಲಿ 2010ರ ಕಾನೂನಿದೆ. ಆದಕಾರಣ ಕಾಲೇಜನ್ನು ನೋಡಲು ಹೋದ ತಂದೆ ಕಟ್ಟಡದ ಗಾಜನ್ನು ನೋಡಿ ಬರಬಾರದು. ದೂರು ಕೇಳುವ ಸಮಿತಿ ಯಾವುದು, ವಸತಿಗೃಹಕ್ಕೂ ವಾರ್ಡಿಗೂ ಎಷ್ಟು ದೂರ, ರಾತ್ರಿ ಪಾಳಿ ಮುಗಿದ ಹುಡುಗಿ ಹೇಗೆ ಹಿಂತಿರುಗುತ್ತಾಳೆ ಎಂದು ಕೇಳಿ ಬರಬೇಕು. ಹೀಗೆ ಕೇಳುವುದು ತಂದೆಯ ಹಕ್ಕು. ಉತ್ತರ ಕೊಡಲು ಯಾವ ಒಳ್ಳೆಯ ಕಾಲೇಜೂ ಬೇಸರಪಡುವುದಿಲ್ಲ.

ಇನ್ನು ಪ್ರವೇಶದ ಮಾತು. ಅದು ನಿಜವಾಗಿ ತೀರ್ಮಾನವಾಗುವುದು ಹತ್ತನೆಯ ಇಯತ್ತೆ ಮುಗಿದು ಹನ್ನೊಂದನೆಯದಕ್ಕೆ ಅರ್ಜಿ ತುಂಬುವ ದಿನ. ಬಿ.ಎಸ್ಸಿ. ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರೂ ಬೇಕು, ಇಂಗ್ಲಿಷೂ ಬೇಕು. ಇಲ್ಲಿನ ಕಿರಿಯ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಬಿಟ್ಟು ಕಂಪ್ಯೂಟರ್ ಅಥವಾ ಇಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಅನುಕೂಲವಿದೆ. 'ಅಂಕ ಚೆನ್ನಾಗಿ ಬೀಳುತ್ತವಂತೆ' ಎಂದು ಗೆಳತಿಯರ ಮಾತು ಕೇಳಿ ಅದನ್ನು ತೆಗೆದುಕೊಂಡ ಹುಡುಗಿಗೆ ಎರಡು ವರ್ಷದ ನಂತರ ಈ ಬಾಗಿಲು ಮುಚ್ಚಿರುತ್ತದೆ. ಆಗ ವಿಜ್ಞಾನದಲ್ಲಿ ಎಂಬತ್ತು ಬಂದರೂ ಪ್ರಯೋಜನವಿಲ್ಲ. ಆ ಮೂರು ವಿಜ್ಞಾನಗಳಲ್ಲಿ ಒಟ್ಟಿಗೆ ನೂರಕ್ಕೆ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 40. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಆರೋಗ್ಯ ಸರಿಯಿದೆಯೆಂಬ ವೈದ್ಯರ ಪ್ರಮಾಣಪತ್ರವೂ ಬೇಕು.

ಹಿಂದೆ ಹನ್ನೆರಡನೆಯದರ ಅಂಕಪತ್ರ ಹಿಡಿದು ಕಾಲೇಜಿನ ಕಛೇರಿಗೆ ಹೋದರೆ ಕೆಲಸವಾಗುತ್ತಿತ್ತು ಎಂದು ಹೇಳುವವರಿದ್ದಾರೆ. ಈಗ ಹಾಗಿಲ್ಲ. ಮಹಾರಾಷ್ಟ್ರದಲ್ಲಿ 2023ರಿಂದ ಈ ಪದವಿಗೆಂದೇ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷಾ ಕಕ್ಷ, ಜನ ಸಿಇಟಿ ಸೆಲ್ ಎನ್ನುವುದು, ಅದನ್ನು ನಡೆಸುತ್ತದೆ. ಪ್ರಶ್ನೆ ನೂರು, ಅಂಕ ನೂರು, ವೇಳೆ ಒಂದೂವರೆ ಗಂಟೆ. ಭೌತ, ರಸಾಯನ, ಜೀವ ಶಾಸ್ತ್ರಗಳಿಗೆ ತಲಾ 20, ಇಂಗ್ಲಿಷಿಗೆ 20, ಈ ವೃತ್ತಿಗೆ ಒಗ್ಗುವ ಮನೋಭಾವವನ್ನು ಅಳೆಯುವ ಪ್ರಶ್ನೆಗಳಿಗೆ 20. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನಮ್ಮ ಮಕ್ಕಳು ವಿಜ್ಞಾನಕ್ಕೆ ಕ್ಲಾಸು ಹಚ್ಚಿ ಇಂಗ್ಲಿಷನ್ನು ಮರೆಯುತ್ತಾರೆ. ಜೀವಶಾಸ್ತ್ರಕ್ಕೆ ಎಷ್ಟು ಅಂಕವೋ ಇಂಗ್ಲಿಷಿಗೂ ಅಷ್ಟೇ ಎಂಬುದನ್ನು ಗಮನಿಸಬೇಕು. ದಿನಕ್ಕೊಂದು ಪುಟ ಓದಿ ಅರ್ಥ ಬರೆಯುವ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ.

ಈ ಪರೀಕ್ಷೆಯ ಅರ್ಜಿ ಚಳಿಗಾಲದಲ್ಲಿಯೇ ಹೊರಡುತ್ತದೆ. ಹನ್ನೆರಡನೆಯದರ ಪ್ರಯೋಗ ಪರೀಕ್ಷೆಗಳ ಗಡಿಬಿಡಿಯಲ್ಲಿ ಅದು ಕಣ್ತಪ್ಪುವುದು ಸುಲಭ. ಡಿಸೆಂಬರ್ ಬಂತೆಂದರೆ ವಾರಕ್ಕೊಮ್ಮೆ ಸಿಇಟಿ ಸೆಲ್ಲಿನ ಅಧಿಕೃತ ಸೂಚನೆಯನ್ನು ನೋಡುವ ಕೆಲಸವನ್ನು ಮನೆಯ ಒಬ್ಬರು ವಹಿಸಿಕೊಳ್ಳಬೇಕು. ಇನ್ನೊಂದು ಮಾತನ್ನು ಅಡಿಗೆರೆ ಎಳೆದು ಹೇಳಬೇಕಾಗಿದೆ. ಪರೀಕ್ಷೆಗೆ ಅರ್ಜಿ ಹಾಕುವುದು ಬೇರೆ, ಸೀಟು ಹಂಚಿಕೆಗೆ ಅರ್ಜಿ ಹಾಕುವುದು ಬೇರೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ, ಜನರ ಬಾಯಲ್ಲಿ ಕ್ಯಾಪ್ ರೌಂಡು, ತೊಡಗುತ್ತದೆ. ಅದಕ್ಕೆ ಹೊಸದಾಗಿ ಹೆಸರು ನೋಂದಾಯಿಸಿ, ಕಾಗದಪತ್ರಗಳನ್ನು ಏರಿಸಿ, ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. 'ಅಂಕ ಬಂದಿವೆ, ಇನ್ನು ಅವರೇ ಕರೆಯುತ್ತಾರೆ' ಎಂದು ಕೂತವರನ್ನು ಯಾರೂ ಕರೆಯುವುದಿಲ್ಲ. ಸೀಟು ಸಿಕ್ಕ ಮೇಲೆ ಗೊತ್ತುಮಾಡಿದ ದಿನದೊಳಗೆ ಮೂಲ ಕಾಗದಗಳೊಡನೆ ಕಾಲೇಜಿಗೆ ಹಾಜರಾಗದಿದ್ದರೆ ಅದು ಕೈಬಿಟ್ಟ ಹಾಗೆಯೇ.

ಕಾಗದಪತ್ರವೆಂದ ಕೂಡಲೇ ನಮ್ಮ ವಲಸೆಯ ಮನೆಗಳ ನಿಜವಾದ ತೊಡಕು ಎದುರಾಗುತ್ತದೆ. ದಿನವೆಲ್ಲ ಕಛೇರಿಯಲ್ಲಿ ಅರ್ಜಿಗಳನ್ನು ತಿರುವಿಹಾಕುವ ನಮಗೆ ಇದು ಚೆನ್ನಾಗಿ ಗೊತ್ತು: ಬುದ್ಧಿಯಲ್ಲಿ ಹಿಂದೆ ಬೀಳದ ನಮ್ಮ ಮಕ್ಕಳು ದಾಖಲೆಯಲ್ಲಿ ಹಿಂದೆ ಬೀಳುತ್ತಾರೆ. ಮೊದಲನೆಯದು ಹೆಸರು. ಊರಿನಲ್ಲಿ ನಮಗೆ ಅಡ್ಡಹೆಸರಿನ ಗೊಡವೆಯಿರಲಿಲ್ಲ. ಊರ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಮುಂದೆ ತನ್ನ ಹೆಸರು, ಅಷ್ಟೇ. ಇಲ್ಲಿ ಮೊದಲು ಅಡ್ಡಹೆಸರು, ಆಮೇಲೆ ತನ್ನ ಹೆಸರು, ಕೊನೆಗೆ ತಂದೆಯ ಹೆಸರು. ಹೀಗಾಗಿ ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ತಂದೆ ಒಂದರಲ್ಲಿ 'ಶಿವಪ್ಪ', ಇನ್ನೊಂದರಲ್ಲಿ 'ಶಿವಾಜಿ' ಆಗಿರುವುದೂ ಉಂಟು. ಮಗು ಶಾಲೆಯಲ್ಲಿರುವಾಗಲೇ, ಹತ್ತನೆಯದರ ಪರೀಕ್ಷಾ ಅರ್ಜಿ ಹೋಗುವ ಮುಂಚೆಯೇ, ಶಾಲೆಯ ರಿಜಿಸ್ಟರಿನಲ್ಲಿ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ. ಆಮೇಲೆ ಪ್ರತಿಜ್ಞಾಪತ್ರ, ಗೆಜೆಟ್ ಎಂದು ಓಡಾಡಬೇಕು.

ಎರಡನೆಯದು ಅಧಿವಾಸದ ದಾಖಲೆ, ಇಲ್ಲಿಯವರು ಡೊಮಿಸಾಯಿಲ್ ಎನ್ನುವುದು. ಸಾಮಾನ್ಯವಾಗಿ ಹದಿನೈದು ವರ್ಷ ಮಹಾರಾಷ್ಟ್ರದಲ್ಲಿ ನೆಲೆಸಿದ ಆಧಾರವನ್ನು ಕೇಳುತ್ತಾರೆ. ಕಾಮೋಠೆಯವರಿಗೆ ಇದು ಪನವೇಲ್ ತಹಶೀಲ ಕಛೇರಿಯ ಕೆಲಸ. ಸೇವಾಕೇಂದ್ರದ ಮೂಲಕವೂ ಅರ್ಜಿ ಕೊಡಬಹುದು. ಬಾಡಿಗೆ ಮನೆಗಳಲ್ಲಿ ಇದ್ದು ಇದ್ದು ಮೂರು ನಾಲ್ಕು ಸೆಕ್ಟರು ತಿರುಗಿದವರ ಬಳಿ ಹಳೆಯ ವಿಳಾಸದ ಕಾಗದಗಳೇ ಇರುವುದಿಲ್ಲ. ಹಳೆಯ ವಿದ್ಯುತ್ ಬಿಲ್ಲು, ಬಾಡಿಗೆ ಕರಾರು, ರೇಶನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ ಇವುಗಳನ್ನು ರದ್ದಿಗೆ ಹಾಕದೆ ಒಂದು ಪೆಟ್ಟಿಗೆಯಲ್ಲಿಡುವುದು ಮನೆಯೊಡತಿಯ ಜಾಣತನ.

ಮೂರನೆಯದು ಜಾತಿ ಪ್ರಮಾಣಪತ್ರ. ಇದರಲ್ಲಿ ನಮ್ಮವರಿಗೆ ಒದಗುವ ನಿರಾಶೆ ಹೆಚ್ಚು. ಕರ್ನಾಟಕದಲ್ಲಿ ಪಡೆದ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸ್ಥಾನಕ್ಕೆ ನಡೆಯುವುದಿಲ್ಲ. ಮೀಸಲಾತಿಯ ಸೌಲಭ್ಯ ಮೂಲ ರಾಜ್ಯಕ್ಕೆ ಸೇರಿದ್ದೆಂದು ಸುಪ್ರೀಂ ಕೋರ್ಟು 1990ರಲ್ಲಿಯೇ ಹೇಳಿದೆ. ಇಲ್ಲಿ ಪ್ರಮಾಣಪತ್ರ ಬೇಕಾದರೆ ಮನೆತನ ಒಂದು ಗೊತ್ತಾದ ದಿನಾಂಕದ ಮುಂಚಿನಿಂದ ಈ ರಾಜ್ಯದಲ್ಲಿತ್ತೆಂದು ತೋರಿಸಬೇಕು: ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸಪ್ಟಂಬರ್ 6, ವಿಮುಕ್ತ ಹಾಗೂ ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಅಜ್ಜ ಗಿರಣಿಯಲ್ಲಿ ದುಡಿದ ಚೀಟಿ, ಮುನಿಸಿಪಾಲಿಟಿ ಶಾಲೆಯಲ್ಲಿ ದೊಡ್ಡಪ್ಪ ಓದಿದ ದಾಖಲೆ ಇದ್ದವರು ಅದನ್ನು ಬಂಗಾರದಂತೆ ಕಾಪಾಡಬೇಕು. ಇಲ್ಲದವರು ಸಾಮಾನ್ಯ ವರ್ಗದಲ್ಲಿಯೇ ಸ್ಪರ್ಧಿಸಬೇಕೆಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಂಡು ಅಂಕಗಳ ಕಡೆಗೆ ಗಮನ ಕೊಡುವುದು ಲೇಸು. ಕೊನೆಯ ವಾರದಲ್ಲಿ ತಿಳಿದು ಕಂಗೆಡುವುದಕ್ಕಿಂತ ಎರಡು ವರ್ಷ ಮೊದಲು ತಿಳಿಯುವುದರಲ್ಲಿಯೇ ಸುಖವಿದೆ.

ದುಡ್ಡಿನ ಮಾತನ್ನೂ ಮುಚ್ಚಿಡದೆ ಆಡೋಣ. ಮಹಾರಾಷ್ಟ್ರದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಶುಲ್ಕವನ್ನು 2015ರ ಕಾನೂನಿನ ಪ್ರಕಾರ ಶುಲ್ಕ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡುತ್ತದೆ. ಯಾವ ಕಾಲೇಜಿಗೆ ಎಷ್ಟೆಂಬುದನ್ನು ಯಾರಾದರೂ ನೋಡಬಹುದು. ಅದಕ್ಕೂ ಮೇಲೆ 'ದೇಣಿಗೆ' ಕೇಳುವುದು ಇಲ್ಲಿ 1987ರ, ಕರ್ನಾಟಕದಲ್ಲಿ 1984ರ ಕಾನೂನಿನಂತೆ ಅಪರಾಧ. ಇದಲ್ಲದೆ 2024ರ ಜುಲೈ 8ರ ಸರ್ಕಾರಿ ನಿರ್ಣಯದಿಂದ, ವರ್ಷಕ್ಕೆ ಎಂಟು ಲಕ್ಷದೊಳಗಿನ ಆದಾಯವುಳ್ಳ ಮನೆಯ ಹೆಣ್ಣುಮಕ್ಕಳಿಗೆ, ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ–ಶೈಕ್ಷಣಿಕವಾಗಿ ಹಿಂದುಳಿದ ವರ್ಗ, ಇತರ ಹಿಂದುಳಿದ ವರ್ಗ ಇವುಗಳಲ್ಲಿ ಬಂದವರಿಗೆ, ವೃತ್ತಿಶಿಕ್ಷಣದ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿಯಾಗಿದೆ. ವೈದ್ಯಕೀಯ ಶಿಕ್ಷಣ ಇಲಾಖೆಯ ಓದುಗಳೂ ಇದರಲ್ಲಿ ಸೇರಿವೆ. ಆದರೆ ಷರತ್ತೊಂದಿದೆ: ಸೀಟು ಕ್ಯಾಪ್ ರೌಂಡಿನ ಮೂಲಕವೇ ಸಿಕ್ಕಿರಬೇಕು. ಆಡಳಿತ ಮಂಡಳಿಯ ಪಾಲಿನ ಸೀಟಿಗೂ, ಅಭಿಮತ ವಿದ್ಯಾಪೀಠಗಳಿಗೂ, ಸ್ವಯಂ ಅರ್ಥಸಹಾಯದ ವಿದ್ಯಾಪೀಠಗಳಿಗೂ ಈ ಮಾಫಿಯಿಲ್ಲ. ಅಭಿಮತ ವಿದ್ಯಾಪೀಠಗಳ ಪ್ರವೇಶದ ನಿಯಮವೂ ಶುಲ್ಕವೂ ಆಯಾ ವಿದ್ಯಾಪೀಠದ್ದು. ಅಂದರೆ ಮನೆಯ ಮಗ್ಗುಲಿನ ಕಾಲೇಜಿಗೆ ನಡೆದು ಹೋಗುವ ಅನುಕೂಲವನ್ನೂ, ಲೋಕಲ್ ಗಾಡಿಯಲ್ಲಿ ಒಂದು ಗಂಟೆ ನಿಂತು ಹೋಗಿ ಶುಲ್ಕ ಉಳಿಸುವ ಅನುಕೂಲವನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಯಾವುದೂ ತಪ್ಪಲ್ಲ, ತಿಳಿದು ಆರಿಸಿಕೊಂಡರಾಯಿತು.

ಪರೀಕ್ಷೆ ತಪ್ಪಿದವರ, ಕಾಗದ ಕೂಡದವರ ಮನೆಗೆ ಜೂನ್ ತಿಂಗಳಲ್ಲಿ ಒಬ್ಬ ಬಂಧು ಬರುತ್ತಾನೆ. ಕೈಯಲ್ಲಿ ಬಣ್ಣದ ಪುಸ್ತಿಕೆ. "ಚಿಂತೀ ಬಿಡ್ರಿ ಕಾಕಾ, ಬೆಂಗಳೂರಾಗ ನಮ್ಮವರs ಅದಾರ. ಹುಡುಗೀ ಸೀಟಿನ ಜವಾಬ್ದಾರಿ ನಂದು" ಎನ್ನುತ್ತಾನೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಊರ ಹೊಲದ ಮೇಲೆ ಸಾಲ ತೆಗೆದು ಹಣ ಕಟ್ಟಿದರು. ಹುಡುಗಿ ಹೋಗಿ ನೋಡಿದರೆ ಕಾಲೇಜಿಗೆ ತನ್ನದೆಂಬ ಆಸ್ಪತ್ರೆಯಿಲ್ಲ. ರಸೀದಿ ಕೇಳಿದರೆ ಬಂಧುವಿನ ಫೋನು ಬಂದು ಬಿದ್ದಿದೆ. ಆರು ತಿಂಗಳಿಗೆ ಹುಡುಗಿ ಹಿಂದಿರುಗಿದಳು; ಹಣ ಹಿಂದಿರುಗಲಿಲ್ಲ. ಕರ್ನಾಟಕದಲ್ಲಿ ಒಳ್ಳೆಯ ಕಾಲೇಜುಗಳು ಬೇಕಾದಷ್ಟಿವೆ. ಬೆಂಗಳೂರಿನ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದಲೂ ನಡೆದುಬಂದಿದೆ. ದೋಷ ಕಾಲೇಜಿರುವ ರಾಜ್ಯದ್ದಲ್ಲ, ವಿಚಾರಿಸದೆ ಹಣ ಕೊಡುವ ಅವಸರದ್ದು. ಯಾವ ರಾಜ್ಯವಾದರೂ ನಾಲ್ಕು ಮಾತು ವಿಚಾರಿಸಬೇಕು: ಆ ರಾಜ್ಯದ ನರ್ಸಿಂಗ್ ಪರಿಷತ್ತಿನ ಮನ್ನಣೆ ಇದೆಯೆ, ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೂ ಇದೆಯೆ, ಭಾರತೀಯ ಪರಿಷತ್ತಿನ ಯಾದಿಯಲ್ಲಿ ಹೆಸರಿದೆಯೆ, ಕಲಿಯಲು ಆಸ್ಪತ್ರೆ ಎಲ್ಲಿದೆ. ಹಣವನ್ನು ಕಾಲೇಜಿನ ಖಾತೆಗೆ ಮಾತ್ರ ಕಟ್ಟಿ ರಸೀದಿ ಪಡೆಯಬೇಕು. ಪದವಿ ಮುಗಿದ ಮೇಲೆ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗದಿದ್ದರೆ ಕೈಯಲ್ಲಿರುವುದು ಬರಿಯ ಕಾಗದ.

ಕರ್ನಾಟಕದ ಸರ್ಕಾರಿ ಹಂಚಿಕೆಯ ದಾರಿಯೂ ನಮಗೆ ಪೂರ್ತಿ ಮುಚ್ಚಿಲ್ಲವೆಂಬುದನ್ನು ಬಹಳ ಮಂದಿ ಅರಿಯರು. ಅಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯ ಮೂಲಕ ಸೀಟು ಹಂಚುತ್ತಾರೆ. ಏಳು ವರ್ಷ ಅಲ್ಲಿಯೇ ಓದಿದ ಮಕ್ಕಳಿಗೆ ಮೊದಲ ಅರ್ಹತೆ ನಿಜ. ಆದರೆ ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಅಲ್ಲಿ ಓದಿದ್ದರೆ ಅದಕ್ಕೂ ಒಂದು ಕಲಮಿದೆ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅಪ್ಪನ ಹಳೆಯ ದಾಖಲೆ ಮಗಳ ಅರ್ಜಿಗೆ ಆಧಾರವಾಗುವುದೆಂದರೆ ಸಣ್ಣ ಮಾತಲ್ಲ. ಸೊಲ್ಲಾಪುರ ದಕ್ಷಿಣ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳಂಥ ತಾಲೂಕುಗಳ ಗಡಿನಾಡ ಕನ್ನಡಿಗರಿಗೂ, ಹೊರನಾಡ ಕನ್ನಡಿಗರಿಗೂ ಬೇರೆ ಕಲಮುಗಳಿವೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನು ಕೊಡಬೇಕು. ಆ ವರ್ಷದ ಪುಸ್ತಿಕೆಯಲ್ಲಿ ಯಾವ ಕಲಮು ಯಾವ ಓದಿಗೆ ಎಂದು ನೋಡಿಕೊಂಡೇ ಮುಂದುವರಿಯಬೇಕು. ಇದಾವುದನ್ನೂ ನೋಡದೆ, ಹತ್ತನೆಯದನ್ನು ಇಲ್ಲಿ ಮುಗಿಸಿ ಹನ್ನೊಂದು ಹನ್ನೆರಡಕ್ಕೆ ಮಗಳನ್ನು ಅಜ್ಜಿಯ ಊರಿಗೆ ಕಳಿಸುವವರು ಎರಡು ದಡಗಳನ್ನೂ ಕಳೆದುಕೊಳ್ಳುವ ಅಪಾಯವಿದೆ. ಮಹಾರಾಷ್ಟ್ರದ ಸ್ಥಾನಕ್ಕೆ ಸಾಮಾನ್ಯವಾಗಿ ಹತ್ತು ಹನ್ನೆರಡು ಎರಡನ್ನೂ ಇಲ್ಲಿಯೇ ಮುಗಿಸಿರಬೇಕಾಗುತ್ತದೆ. ಇನ್ನು ಮನೆಯಲ್ಲಿ ಕನ್ನಡ ಮಾತಾಡಿ ಬರೆಯಲು ಕಲಿಸದವರು, ಒಂದು ದಿನ ಅದೇ ಕನ್ನಡ ಪರೀಕ್ಷೆಯ ಕಾಗದವಾಗಿ ಎದುರಿಗೆ ಬಂದೀತೆಂದು ನೆನಪಿಟ್ಟಿರಲಿ.

ಇನ್ನೆರಡು ಬಾಗಿಲುಗಳಿವೆ. ಸೈನ್ಯದ ದಾದಿಯರ ಸೇವೆಗಾಗಿ ಪುಣೆಯ ಎ.ಎಫ್.ಎಂ.ಸಿ., ಮುಂಬಯಿ ಕೊಲಾಬಾದ ಅಶ್ವಿನಿ ನೌಕಾ ಆಸ್ಪತ್ರೆ, ಬೆಂಗಳೂರಿನ ವಾಯುಪಡೆಯ ಆಸ್ಪತ್ರೆ ಮುಂತಾದ ಆರು ಕಡೆ ಅವಿವಾಹಿತ ಹುಡುಗಿಯರಿಗೆ ಬಿ.ಎಸ್ಸಿ. ನರ್ಸಿಂಗ್ ಕಲಿಸುತ್ತಾರೆ. ಎಲ್ಲ ಸೇರಿ 220 ಸ್ಥಾನ. ಶಿಕ್ಷಣ ಸರ್ಕಾರದ ಖರ್ಚಿನಲ್ಲಿ. ಮುಗಿದ ಮೇಲೆ ಸೈನ್ಯದಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸುವ ಕರಾರು. 2022ರಿಂದ ಇದಕ್ಕೆ ನೀಟ್ ಪರೀಕ್ಷೆಯ ಅಂಕ ಬೇಕು. ಆದ್ದರಿಂದ ನೀಟ್ ಎಂದರೆ ಡಾಕ್ಟರಾಗುವವರ ಪರೀಕ್ಷೆ ಮಾತ್ರವೆಂದು ಅರ್ಜಿ ಬಿಡಬಾರದು. ಏಮ್ಸ್ ಸಂಸ್ಥೆಯದು ಬೇರೆಯೇ ಪರೀಕ್ಷೆ. ಇವೆಲ್ಲ ಕೂಡಿಬರದಿದ್ದರೆ ಧೈರ್ಯ ಕಳೆದುಕೊಳ್ಳಬೇಕಾದ್ದಿಲ್ಲ. ಮೂರು ವರ್ಷದ ಜಿ.ಎನ್.ಎಂ. ಮುಗಿಸಿ ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಅದೇ ಪದವಿಯ ಅಂಗಳವನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕಂತೆಯೇ. ವರ್ಷ ಒಂದು ಹೆಚ್ಚು. ಸಾಲದ ಭಾರ ಕಡಿಮೆ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಮ್ಮೆ ನಿಂತು ಕೇಳಿ ನೋಡಿ. ಕಲಬುರ್ಗಿ, ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮುದುಕಿ 'ಹೊಟ್ಯಾಗ ಸಂಕಟ ಆಗ್ಲಿಕತ್ತದ ಯವ್ವಾ' ಎನ್ನುತ್ತಾಳೆ, ಸುತ್ತಲಿನವರಿಗೆ ತಿಳಿಯುವುದಿಲ್ಲ. ಅಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ನಾಲ್ಕೂ ಬಲ್ಲ ಹುಡುಗಿಯೊಬ್ಬಳು ಹಾಸಿಗೆಯ ಬಳಿ ಬಂದು 'ಎಲ್ಲಿ ಅಜ್ಜೀ, ಯಾವಾಗಿಂದ?' ಎಂದು ಕೇಳಿದರೆ ಅರ್ಧ ಚಿಕಿತ್ಸೆ ಆದಂತೆ. ಈ ನಾಲ್ಕು ಭಾಷೆ ನಮ್ಮ ವಲಸೆಯ ಮಕ್ಕಳಿಗೆ ಬೀದಿಯಲ್ಲಿಯೂ ಮನೆಯಲ್ಲಿಯೂ ತಾನಾಗಿ ದೊರೆತ ಆಸ್ತಿ. ಬೇರೆ ಯಾವ ಉದ್ಯೋಗದಲ್ಲಿ ಅದಕ್ಕೆ ಇಷ್ಟು ಬೆಲೆ ಬಂದೀತು?

ನಮ್ಮ ಸಂಘ ಗಣೇಶೋತ್ಸವ ಮಾಡುತ್ತದೆ, ರಾಜ್ಯೋತ್ಸವ ಮಾಡುತ್ತದೆ, ಹಾಡು ನಾಟಕಗಳಿಗೆ ಬಹುಮಾನ ಕೊಡುತ್ತದೆ. ಇವುಗಳ ಜೊತೆಗೆ ಡಿಸೆಂಬರ್ ತಿಂಗಳ ಒಂದು ರವಿವಾರ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕಿ, ಹನ್ನೆರಡನೆಯದರಲ್ಲಿರುವ ಮಕ್ಕಳ ಅರ್ಜಿ ತುಂಬಿಸಿಕೊಟ್ಟರೆ ಹೇಗೆ? ಜೂನ್ ತಿಂಗಳ ಇನ್ನೊಂದು ರವಿವಾರ, ಹತ್ತನೆಯದು ಮುಗಿಸಿದವರ ತಂದೆತಾಯಿಗಳನ್ನು ಕರೆದು, ಜೀವಶಾಸ್ತ್ರ ಬಿಡಬೇಡಿರೆಂದು ಹೇಳಿ, ಹೆಸರುಗಳ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಕೊಟ್ಟರೆ ಹೇಗೆ? ಇದಕ್ಕೆ ದೊಡ್ಡ ದೇಣಿಗೆ ಬೇಡ. ಕಛೇರಿಗಳಲ್ಲಿ ಕೆಲಸ ಮಾಡುವ ನಾಲ್ಕು ಮಂದಿ, ಈಗಾಗಲೇ ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿರುವ ನಮ್ಮ ಒಂದಿಬ್ಬರು ಅಕ್ಕಂದಿರು, ಒಂದು ಕಂಪ್ಯೂಟರು ಸಾಕು. ಬರುವ ಡಿಸೆಂಬರಿನ ಮೇಜಿನ ಬಳಿ ಕೂರಲು ನಾವು ಸಿದ್ಧರಿದ್ದೇವೆ. ಯಾವ ರವಿವಾರವೆಂದು ಕಾರ್ಯದರ್ಶಿಗಳು ಗೊತ್ತುಮಾಡಲಿ. ಕಾಗದದ ಪೆಟ್ಟಿಗೆಯನ್ನು ತಾಯಂದಿರು ಇಂದೇ ತೆರೆದು ನೋಡಲಿ.